ವಿಲಿಯಂ ಕೇರಿ ಪಾದ್ರಿಗಳೂ ಶ್ರೀರಾಮಪುರದ ಬೆಂಕಿಯೂ



ಬೇಸಿಗೆಯ ದಿನಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಹುಲ್ಲಿನ ಮೆದೆಗೆ ಒಂದು ಕಿಡಿ ತಗಲಿದರೆ ಸಾಕು, ದನಗಳ ಒಂದು ವರುಷದ ಮೇವು ಗಳಿಗೆಯೊಳಗೆ ಬೂದಿಯಾಗುವದೆಂದು ನಾವೆಲ್ಲರೂ ಬಲ್ಲೆವು. ಅಂಥ ದಿನದಲ್ಲಿ ನೆರೆಯವರು ಬಂದು, ಕ್ರಿಸ್ತನನ್ನು ನಂಬಿ ನಿಮಗೆ ಸಿಕ್ಕಿದ್ದೇನೆಂದು ಕೇಳುವದುಂಟು. ಅವರು ಕೇಳದಿದ್ದರೂ ನಮ್ಮ ಮನಸ್ಸೇ ರಾತ್ರಿಯಲ್ಲಿ ನಮ್ಮನ್ನು ಹಾಗೆ ಕೇಳುವದು. ಆದಕಾರಣ ಬೆಂಕಿಯಲ್ಲಿ ಬಹಳವಾಗಿ ಕಳಕೊಂಡ ಒಬ್ಬ ದೇವಸೇವಕರ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇನೆ.

ವಿಲಿಯಂ ಕೇರಿಯವರು 1761ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಬಡ ನೇಕಾರನ ಮಗನಾಗಿ ಹುಟ್ಟಿ, ಜೋಡು ಹೊಲಿಯುವ ಕೆಲಸವನ್ನು ಕಲಿತರು. ಹೊಲಿಯುತ್ತಲೇ ಅನೇಕ ಭಾಷೆಗಳನ್ನು ಅಭ್ಯಾಸಮಾಡಿದರು. 1793ರಲ್ಲಿ ಹೆಂಡತಿ ಮಕ್ಕಳೊಡನೆ ಬಂಗಾಳಕ್ಕೆ ಬಂದರು. ಮರು ವರುಷವೇ ಅವರ ಐದು ವರುಷದ ಮಗನಾದ ಪೀಟರನು ರೋಗದಿಂದ ತೀರಿಹೋದನು. ಹೆಣವನ್ನು ಮುಟ್ಟಿದರೆ ಜಾತಿ ಕೆಡುವದೆಂಬ ಭಯದಿಂದ, ಆ ಮಗುವಿಗೆ ಕುಣಿ ತೋಡುವವರೂ ಅದನ್ನು ಹೊರುವವರೂ ಸಿಕ್ಕುವದು ಕಷ್ಟವಾಯಿತು. ಈ ದುಃಖವನ್ನು ತಾಳಲಾರದೆ ಅವರ ಹೆಂಡತಿಯಾದ ಡೊರೊಥಿಯಮ್ಮನವರ ಬುದ್ಧಿಯು ಭ್ರಮಣೆಗೊಂಡಿತು. 1807ರಲ್ಲಿ ಸಾಯುವ ತನಕ ಆಕೆಯು ಸ್ವಸ್ಥಳಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಆಕೆಯ ಕೂಗು ಕೇಳುತ್ತಿರಲು, ಈ ಕೋಣೆಯಲ್ಲಿ ಕೇರಿ ಪಾದ್ರಿಗಳು ಸತ್ಯವೇದವನ್ನು ಭಾಷಾಂತರಿಸುತ್ತಿದ್ದರು.

ನಮ್ಮ ಶ್ರೀರಂಗಪಟ್ಟಣದ ಕೋಟೆಯು ಬಿದ್ದದ್ದು 1799ರಲ್ಲಿ. ಮರು ವರುಷದ ಆರಂಭದಲ್ಲಿ ಕೇರಿ ಪಾದ್ರಿಗಳು ಕಲ್ಕತ್ತೆಯ ಬಳಿಯಲ್ಲಿ ಹೂಗ್ಲಿ ನದಿಯ ದಡದಲ್ಲಿದ್ದ ಶ್ರೀರಾಮಪುರವೆಂಬ ಡೇನರ ಪಟ್ಟಣಕ್ಕೆ ಬಂದು, ಮಾರ್ಷ್‌ಮನ್, ವಾರ್ಡ್ ಎಂಬವರೊಂದಿಗೆ ಅಲ್ಲಿ ಅಚ್ಚುಕೂಟವನ್ನು ನಡಿಸಿದರು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಪ್ರಕಟವಾಯಿತು. ಅನಂತರ ಪಂಡಿತರ ಸಹಾಯದಿಂದ ಇತರ ಭಾಷೆಗಳಿಗೂ ಕೈಹಾಕಿದರು. ಅವುಗಳಲ್ಲಿ ನಮ್ಮ ಕನ್ನಡವೂ ಒಂದು.

1812ನೆಯ ಮಾರ್ಚಿ 11ರ ಸಾಯಂಕಾಲ ಅಚ್ಚುಕೂಟದ ಕಾಗದದ ಕೋಣೆಯಿಂದ ಹೊಗೆಯು ಹೊರಟಿತು. ವಾರ್ಡರು ಬಾಗಲು ಕಿಟಕಿಗಳನ್ನೆಲ್ಲಾ ಮುಚ್ಚಿಸಿ, ಮಾಳಿಗೆಯ ಮೇಲಿಂದ ತೂತುಮಾಡಿ ಕೆಲವು ತಾಸು ನೀರು ಹೊಯ್ಯಿಸಿದರು. ಬೆಂಕಿಯು ಅಡಗುವ ಹಾಗಿತ್ತು. ಅಷ್ಟರಲ್ಲಿ ಯಾರೋ ಒಂದು ಕಿಟಕಿಯನ್ನು ತೆರೆದುಬಿಟ್ಟರು. ಗಾಳಿಯು ನುಗ್ಗಿ ಉರಿಯು ಎದ್ದು, ನಡುರಾತ್ರಿಯ ಹೊತ್ತಿಗೆ ಮಾಳಿಗೆಯು ಕುಸಿದುಬಿತ್ತು. ದೇವರ ದಯೆಯಿಂದ ಯಾರ ಜೀವವೂ ಹೋಗಲಿಲ್ಲ. ಆದರೆ ಸುಮಾರು 1,200 ರೀಮು ಕಾಗದವೂ ಅನೇಕ ಭಾಷೆಗಳ ಅಚ್ಚಿನ ಮೊಳೆಗಳೂ ಹಾಳಾದವು. ದುಡ್ಡು ಕೊಟ್ಟರೂ ಸಿಕ್ಕದಂಥ ಕೈಬರಹಗಳು ಸುಟ್ಟುಹೋದವು. ಕನ್ನಡ ಹೊಸ ಒಡಂಬಡಿಕೆಯ ಬರಹವೆಲ್ಲವೂ ಹೋಯಿತು. ತೆಲುಗು ವ್ಯಾಕರಣವು ಹೋಯಿತು. ಸಂಸ್ಕೃತವನ್ನೂ ನಮ್ಮ ದೇಶದ ಅನೇಕ ಭಾಷೆಗಳನ್ನೂ ಕೂಡಿಸಿ ವರುಷಗಟ್ಟಳೆ ಬರೆದಿದ್ದ ದೊಡ್ಡ ನಿಘಂಟುವು ಹೋಯಿತು.

ಕೇರಿ ಪಾದ್ರಿಗಳು ಆಗ ಕಲ್ಕತ್ತೆಯಲ್ಲಿ ಕಾಲೇಜಿನ ಕೆಲಸದಲ್ಲಿದ್ದರು. ಮರುದಿನ ಮಾರ್ಷ್‌ಮನ್ನರು ಹೋಗಿ ಸಮಾಚಾರವನ್ನು ತಿಳಿಸಿದಾಗ ಅವರಿಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಸಾಯಂಕಾಲ ಹಿಂದಿರುಗಿ, ಇನ್ನೂ ಹೊಗೆಯಾಡುತ್ತಿದ್ದ ಬೂದಿಯ ಮಧ್ಯದಲ್ಲಿ ನಡೆದು ಅತ್ತರು. ಭಕ್ತನಾದವನು ಅಳಬಾರದೆಂದು ಹೇಳುವವರು ಇದನ್ನು ನೆನಪಿನಲ್ಲಿಡಲಿ. ಅತ್ತ ಮೇಲೆ ಅವರು 46ನೆಯ ಕೀರ್ತನೆಯಿಂದ ಪ್ರಸಂಗಮಾಡಿದರು. ನಮ್ಮದನ್ನೆಲ್ಲಾ ತನ್ನ ಚಿತ್ತದಂತೆ ನಡಿಸಲು ದೇವರಿಗೆ ಅಧಿಕಾರವುಂಟು, ಸುಮ್ಮನಿದ್ದು ಆತನೇ ದೇವರೆಂದು ಒಪ್ಪಿಕೊಳ್ಳುವದು ನಮ್ಮ ಧರ್ಮ, ಎಂಬದೇ ಅದರ ಸಾರವಾಗಿತ್ತು.

ಬೂದಿಯನ್ನು ಕೆದಕಿದಾಗ ಮೊಳೆಗಳನ್ನು ಎರಕಹೊಯ್ಯುವ ಪಡಿಯಚ್ಚುಗಳು ಕೆಡದೆ ಸಿಕ್ಕಿದವು. ಅಚ್ಚಿನ ಯಂತ್ರಗಳೂ ಉಳಿದಿದ್ದವು. ಕರಗಿದ ಸೀಸವನ್ನು ಕೂಡಿಸಿ ತಿರಿಗಿ ಮೊಳೆಗಳನ್ನು ಎರೆದು, ಕೆಲವೇ ವಾರಗಳಲ್ಲಿ ಕೆಲಸವನ್ನು ಪ್ರಾರಂಭಿಸಿದರು. ಸಮಾಚಾರವು ಇಂಗ್ಲೆಂಡಿಗೆ ಮುಟ್ಟಿದ ಎರಡು ತಿಂಗಳೊಳಗೆ ಅಲ್ಲಿಯ ಸಭೆಗಳವರು ನಷ್ಟವಾದ ಹಣವನ್ನೆಲ್ಲಾ ಕೂಡಿಸಿದರು.

ಆದರೆ ಕಳಕೊಂಡದ್ದೆಲ್ಲವೂ ಹಿಂದಕ್ಕೆ ಬಂತೆಂದು ತಿಳಿಯಬೇಡಿರಿ. ಪೀಟರನು ಬರಲಿಲ್ಲ. ಆ ದೊಡ್ಡ ನಿಘಂಟುವು ತಿರಿಗಿ ಆಗಲೇ ಇಲ್ಲ. ಕನ್ನಡದ ಕೆಲಸವನ್ನಾದರೋ ಪಾದ್ರಿಗಳು ಮೊದಲಿನಿಂದ ತೊಡಗಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣವೂ, ಬೆಂಕಿಯಾದ 11 ವರುಷಗಳ ತರುವಾಯ 1823ರಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಪ್ರಕಟವಾದವು. ಆದರೂ ಕನ್ನಡ ಸಭೆಗಳಲ್ಲಿ ಮುಂದೆ ಬಳಕೆಗೆ ಬಂದದ್ದು ಅದಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಪಾದ್ರಿಗಳೂ ಅವರ ಜೊತೆಯವರೂ ಮಾಡಿ 1831ರಲ್ಲಿ ಮುಗಿಸಿದ ಭಾಷಾಂತರವೂ ಅದನ್ನು ತಿದ್ದಿದ ಪ್ರತಿಗಳೂ ಬಳಕೆಗೆ ಬಂದವು. ಹಾಗಾದರೆ ಕೇರಿ ಪಾದ್ರಿಗಳ ಪ್ರಯಾಸವು ವ್ಯರ್ಥವೋ? ಅಲ್ಲ. ಕನ್ನಡಿಗರು ದೇವರ ವಾಕ್ಯವನ್ನು ತಮ್ಮ ಮಾತಿನಲ್ಲಿ ಕೇಳಬೇಕೆಂಬದೇ ಅವರ ಆಶೆಯಾಗಿತ್ತು. ಯಾರ ಕೈಯಿಂದಾದರೂ ಅದನ್ನು ದೇವರು ನೆರವೇರಿಸಿದನು.

1834ನೆಯ ಜೂನ್ 9ರಂದು ಅವರು ಶ್ರೀರಾಮಪುರದಲ್ಲಿಯೇ ಕರ್ತನಲ್ಲಿ ನಿದ್ರೆಹೋದರು.

ಪ್ರಿಯರೇ, ನಂಬಿಕೆಯು ವ್ಯಾಪಾರವಲ್ಲ. ಒಂದು ಹೋದರೆ ಎರಡು ಕೊಡುವೆನೆಂದು ದೇವರು ನಮ್ಮೊಂದಿಗೆ ಕರಾರು ಮಾಡಿಲ್ಲ. ಎತ್ತು ಸತ್ತ ಮನೆಯಲ್ಲಿ, ಬೆಳೆ ಒಣಗಿದ ಹೊಲದಲ್ಲಿ, ಮಗುವಿನ ಸಮಾಧಿಯ ಬಳಿಯಲ್ಲಿ ಆತನು ನಮ್ಮ ಸಂಗಡ ಇರುವನೆಂಬದೇ ವಾಗ್ದಾನವು. ಆದುದರಿಂದ ಅಳುವದಿದ್ದರೆ ಅಳೋಣ. ಅತ್ತ ಮೇಲೆ ಬೂದಿಯನ್ನು ಕೆದಕಿ ಉಳಿದದ್ದೇನೆಂದು ನೋಡೋಣ. ನೋಡಿ ಮರುದಿನದ ಕೆಲಸಕ್ಕೆ ಕೈಹಾಕೋಣ. ನೆರೆಯವರ ಪ್ರಶ್ನೆಗೆ ಅದೇ ನಮ್ಮ ಉತ್ತರವಾಗಲಿ.