ಜೋ ಮೀಕ್

ಸಂಗೀತವನ್ನು ಸ್ವರಲಿಪಿಯಲ್ಲಿ ಬರೆಯಲೂ ಓದಲೂ ಅರಿಯದವನೊಬ್ಬನ ರಚನೆಯು ಸಮುದ್ರಗಳನ್ನು ದಾಟಿ ಕೀರ್ತಿ ಪಡೆಯಿತೆಂದರೆ ನಮಗೆ ಆಶ್ಚರ್ಯವಾಗದಿರದು. ಇಂಗ್ಲೆಂಡಿನ ಜೋ ಮೀಕ್ ಎಂಬಾತನ ಚರಿತ್ರೆಯು ಅಂಥದು.

ರಾಬರ್ಟ್ ಜಾರ್ಜ್ ಮೀಕ್ ಎಂಬುದು ಈತನ ಪೂರ್ಣನಾಮ. 1929ನೆಯ ಇಸವಿ ಏಪ್ರಿಲ್ 5ರಂದು ಗ್ಲಾಸ್ಟರ್‌ಷೈರ್ ಪ್ರಾಂತದ ನ್ಯೂಯೆಂಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಬಾಲ್ಯದಿಂದಲೂ ವಿದ್ಯುತ್ತಿನ ಸಲಕರಣೆಗಳಲ್ಲಿ ಈತನಿಗೆ ಅತ್ಯಾಸಕ್ತಿ. ವಾಯುಸೇನೆಯಲ್ಲಿ ರಾಡಾರ್ ಕೆಲಸ ಮಾಡಿದ ತರುವಾಯ ಲಂಡನ್ ನಗರವನ್ನು ಸೇರಿ ಧ್ವನಿಮುದ್ರಣಶಾಲೆಗಳಲ್ಲಿ ದುಡಿದನು. ಅಲ್ಲಿಯ ಕಟ್ಟುಪಾಡುಗಳು ಹಿಡಿಸದೆ, 1960ರಲ್ಲಿ ಹಾಲೋವೇ ರಸ್ತೆಯ ಚರ್ಮದ ಸಾಮಾನಿನ ಅಂಗಡಿಯ ಮೇಲಣ ಬಾಡಿಗೆಮನೆಯನ್ನೇ ತನ್ನ ಮುದ್ರಣಶಾಲೆಯನ್ನಾಗಿ ಮಾಡಿಕೊಂಡನು. ಈತನು ರಾಗವನ್ನು ಬಾಯಲ್ಲಿ ಗುನುಗುವನು. ಬಲ್ಲವರು ಅದನ್ನು ಬರೆದುಕೊಳ್ಳುವರು. ಸ್ನಾನದ ಕೋಣೆಯ ಮಾರ್ದನಿಯೂ ಈತನಿಗೆ ಸಂಗೀತಸಾಧನವೇ ಆಯಿತು.

1962ರ ಜುಲೈಯಲ್ಲಿ ಅಮೆರಿಕದಿಂದ ಟೆಲ್‌ಸ್ಟಾರ್ ಎಂಬ ಉಪಗ್ರಹವು ಆಕಾಶಕ್ಕೇರಿ, ಸಾಗರದ ಈಚೆಗೆ ಚಿತ್ರಗಳನ್ನು ಕಳುಹಿಸಿತು. ಅದರಿಂದ ಪ್ರೇರಿತನಾದ ಮೀಕನು ಅದೇ ಹೆಸರಿನ ವಾದ್ಯಕೃತಿಯನ್ನು ರಚಿಸಿ, ಟಾರ್ನೇಡೋಸ್ ಎಂಬ ಮೇಳದಿಂದ ನುಡಿಸಿದನು. ಅದು ಬ್ರಿಟನ್ನಿನಲ್ಲಿಯೂ, ಆ ಡಿಸೆಂಬರಿನಲ್ಲಿ ಅಮೆರಿಕದಲ್ಲಿಯೂ ಪ್ರಥಮಸ್ಥಾನವನ್ನು ಗಳಿಸಿತು; ಬ್ರಿಟಿಷ್ ಮೇಳವೊಂದಕ್ಕೆ ಅಮೆರಿಕದ ಪಟ್ಟಿಯಲ್ಲಿ ಆ ಸ್ಥಾನ ದೊರೆತುದು ಅದೇ ಮೊದಲು. 1964ರಲ್ಲಿ ಹನಿಕೋಂಬ್ಸ್ ಮೇಳದ ಹಾಡನ್ನು ಮುದ್ರಿಸಿದಾಗ, ಮರದ ಮೆಟ್ಟಿಲುಗಳನ್ನು ತುಳಿದ ಸದ್ದನ್ನೇ ತಾಳವಾಗಿ ಕೂಡಿಸಿದನು. ಆ ಮೇಳದಲ್ಲಿ ಡ್ರಮ್ ಬಾರಿಸುತ್ತಿದ್ದವಳು ಹನಿ ಲ್ಯಾಂಟ್ರೀ ಎಂಬ ತರುಣಿಯೆಂಬುದನ್ನು ನಮ್ಮ ಶಾಲೆಯ ಸೋದರಿಯರು ಸಂತೋಷದಿಂದ ತಿಳಿದಾರು.

ಆದರೆ ಈ ಕೀರ್ತಿಯ ಫಲವು ಕೈಸೇರಲಿಲ್ಲ. ಟೆಲ್‌ಸ್ಟಾರ್ ರಾಗವು ತನ್ನದೆಂದು ಫ್ರಾನ್ಸಿನ ಸಂಗೀತಕಾರನೊಬ್ಬನು ವ್ಯಾಜ್ಯ ಹೂಡಿದ್ದರಿಂದ ಅದರ ಗೌರವಧನವು ತಡೆಯಲ್ಪಟ್ಟಿತು. ಕಾಲಕ್ರಮದಲ್ಲಿ ಜನರ ಅಭಿರುಚಿ ಬದಲಾಯಿತು. ಹಣದ ಮುಗ್ಗಟ್ಟು ಹೆಚ್ಚಿತು. ಮನಸ್ಸು ರೋಗಗ್ರಸ್ತವಾಗಿ, ಎಲ್ಲರ ಮೇಲೂ ಶಂಕೆ ಬೆಳೆಯಿತು. 1967ರ ಫೆಬ್ರವರಿ 3ರಂದು ಈತನು ತನ್ನ ಮನೆಯೊಡತಿಯನ್ನು ಗುಂಡಿಕ್ಕಿ ಕೊಂದು, ತಾನೂ ಪ್ರಾಣ ಕಳೆದುಕೊಂಡನು. ಆಗ ವಯಸ್ಸು 37. ವ್ಯಾಜ್ಯವು ಈತನ ಪರವಾಗಿ ತೀರಿದುದು ಆಮೇಲೆ.

ಈ ಅಂತ್ಯವನ್ನು ಮರೆಮಾಚಿ ಕೇವಲ ಕೀರ್ತಿಯನ್ನು ಹೇಳುವುದು ನಮಗೆ ಸರಿದೋರಲಿಲ್ಲ. ಈತನ ಕಲೆ ಎಷ್ಟೇ ದೊಡ್ಡದಾದರೂ ನಿರಪರಾಧಿಯಾದ ಆ ಸ್ತ್ರೀಯ ಮರಣವನ್ನು ಅದು ಹಗುರಮಾಡದು. ಪ್ರತಿಭೆಯುಳ್ಳ ಮಕ್ಕಳನ್ನು ಮನೆಯಲ್ಲಿ ಪಡೆದಿರುವವರು ಅವರ ಕೈಕೆಲಸವನ್ನು ಮೆಚ್ಚುವುದರೊಡನೆ ಅವರ ಮನಸ್ಸಿನ ಆರೋಗ್ಯವನ್ನೂ ವಿಚಾರಿಸುತ್ತಿರಬೇಕೆಂದು ನಾವು ಬಿನ್ನವಿಸುತ್ತೇವೆ.