ಡೆನ್ನಿಸ್ ರಿಚಿ: ಬಳಸಿದಂತೆಯೇ ಘೋಷಣೆ

ಸೂಕ್ಷ್ಮ ಬೋಧನೆಗೆ ನಾನು ಆರಿಸಿಕೊಂಡ ಘಟಕ, ಸಿ ಭಾಷೆಯ ಫಂಕ್ಷನ್ ಪಾಯಿಂಟರ್ ಘೋಷಣೆ. ಹೆಚ್ಚಿನ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುತ್ತಾರೆ. ಮರೆತರೆ ತಾವೇ ದಡ್ಡರೆಂದುಕೊಳ್ಳುತ್ತಾರೆ. ಆದ್ದರಿಂದ ಆ ಭಾಷೆಯನ್ನು ರೂಪಿಸಿದವರ ಜೀವನವನ್ನೇ ಪಾಠದ ಪೀಠಿಕೆಯಾಗಿ ಇಟ್ಟುಕೊಂಡಿದ್ದೇನೆ.

ಡೆನ್ನಿಸ್ ರಿಚಿ ಅವರು 1941ರ ಸೆಪ್ಟೆಂಬರ್ 9ರಂದು ಅಮೆರಿಕದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದರು. ತಂದೆ ಬೆಲ್ ಪ್ರಯೋಗಾಲಯದ ವಿಜ್ಞಾನಿ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಮತ್ತು ಅನ್ವಯಿಕ ಗಣಿತ ಓದಿದ ಮಗನೂ 1967ರಲ್ಲಿ ಅಲ್ಲಿಗೇ ಸೇರಿದರು. ಅಲ್ಲಿ ಸಹೋದ್ಯೋಗಿ ಕೆನ್ ಥಾಂಪ್ಸನ್ 1969ರಲ್ಲಿ ಯುನಿಕ್ಸ್ ಆರಂಭಿಸಿದರು. ಥಾಂಪ್ಸನ್ ಅವರ ಬಿ ಭಾಷೆಯಲ್ಲಿ ದತ್ತಾಂಶಕ್ಕೆ ಇದ್ದದ್ದು ಒಂದೇ ಬಗೆ. ಹೊಸದಾಗಿ ಬಂದ ಪಿಡಿಪಿ-11 ಯಂತ್ರಕ್ಕೆ ಅದು ಸಾಲಲಿಲ್ಲ. 1971ರಿಂದ 1973ರೊಳಗೆ ರಿಚಿ ಅದಕ್ಕೆ ದತ್ತಾಂಶದ ಬಗೆಗಳನ್ನು ಸೇರಿಸಿ ಸಿ ಭಾಷೆಯನ್ನು ರೂಪಿಸಿದರು. 1973ರಲ್ಲಿ ಯುನಿಕ್ಸ್‌ನ ತಿರುಳನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆಯಲಾಯಿತು.

ಘೋಷಣೆಗೆ ಅವರು ಇಟ್ಟ ನಿಯಮ ಒಂದೇ: ಹೆಸರನ್ನು ಬಳಸುವಾಗ ಹೇಗೆ ಬರೆಯುತ್ತೇವೋ ಘೋಷಿಸುವಾಗಲೂ ಹಾಗೆಯೇ ಬರೆಯಬೇಕು. ಪಿ ಎಂಬ ಪಾಯಿಂಟರ್ ಮೂಲಕ ಫಂಕ್ಷನ್ ಕರೆಯುವ ರೀತಿ ಇದು:

(*ಪಿ)(5)

ಇದರಿಂದ ಇಂಟ್ ಬೆಲೆ ಸಿಗಬೇಕು. ಆದ್ದರಿಂದ ಘೋಷಣೆ ಹೀಗೆ:

ಇಂಟ್ (*ಪಿ)(ಇಂಟ್);

ಹೆಸರಿನಿಂದ ಹೊರಕ್ಕೆ ಓದೋಣ. ಪಿ ಒಂದು ಪಾಯಿಂಟರ್. ಅದು ತೋರಿಸುವುದು ಒಂದು ಫಂಕ್ಷನ್ ಅನ್ನು. ಆ ಫಂಕ್ಷನ್ ಒಂದು ಇಂಟ್ ಪಡೆದು ಇಂಟ್ ಹಿಂದಿರುಗಿಸುತ್ತದೆ. ಮೊದಲ ಆವರಣ ತೆಗೆದರೆ ಅರ್ಥವೇ ಬದಲಾಗುತ್ತದೆ:

ಇಂಟ್ *ಪಿ(ಇಂಟ್);

ಬಲಗಡೆಯ ಆವರಣಕ್ಕೆ ನಕ್ಷತ್ರ ಚಿಹ್ನೆಗಿಂತ ಆದ್ಯತೆ ಹೆಚ್ಚು. ಹಾಗಾಗಿ ಈಗ ಪಿ ಪಾಯಿಂಟರ್ ಅಲ್ಲ, ಇಂಟ್ ಪಾಯಿಂಟರನ್ನು ಹಿಂದಿರುಗಿಸುವ ಫಂಕ್ಷನ್.

1978ರಲ್ಲಿ ಬ್ರಯಾನ್ ಕರ್ನಿಗನ್ ಜೊತೆ ಬರೆದ ಪುಸ್ತಕ ಸಿ ಭಾಷೆಯನ್ನು ಎಲ್ಲೆಡೆ ಹರಡಿತು. 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಬಂದಿತು. ಆದರೂ 1993ರಲ್ಲಿ ಸಿ ಭಾಷೆಯ ಇತಿಹಾಸ ಬರೆದಾಗ ರಿಚಿ ತಮ್ಮ ಘೋಷಣಾ ಕ್ರಮದ ತೊಡಕನ್ನು ಮರೆಮಾಚಲಿಲ್ಲ. ನಕ್ಷತ್ರ ಚಿಹ್ನೆ ಹೆಸರಿನ ಮುಂದೆ ಬರುವ ಬದಲು ಹಿಂದೆ ಬಂದಿದ್ದರೆ ಈ ಆವರಣದ ಗೋಜು ಬಹುಮಟ್ಟಿಗೆ ತಪ್ಪುತ್ತಿತ್ತು. ಅಷ್ಟರಲ್ಲಿ ಬದಲಿಸುವ ಕಾಲ ಮೀರಿತ್ತು. 2011ರ ಅಕ್ಟೋಬರ್‌ನಲ್ಲಿ, 70ನೆಯ ವಯಸ್ಸಿನಲ್ಲಿ, ಅವರು ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ತೀರಿಕೊಂಡರು.

ಈ ಬದುಕಿನಿಂದ ನನ್ನ ಪಾಠಯೋಜನೆಗೆ ಎರಡು ಅಂಶ ಸಿಕ್ಕಿವೆ. ಮೊದಲು ಕರೆಯನ್ನು ಬರೆಸಿ, ಅನಂತರವೇ ಘೋಷಣೆ ಬರೆಸಬೇಕು. ಹಾಗೆಯೇ, ಕಷ್ಟ ಇರುವುದು ಬರಹದ ಕ್ರಮದಲ್ಲಿ, ಕಲಿಯುವವರ ಬುದ್ಧಿಯಲ್ಲಲ್ಲ ಎಂದು ತರಗತಿಗೆ ಮೊದಲೇ ಹೇಳಬೇಕು. ಆ ಕ್ರಮ ರೂಪಿಸಿದವರೇ ಅದನ್ನು ಒಪ್ಪಿಕೊಂಡಿದ್ದಾರಲ್ಲ.