ನೀಲಗಿರಿ ಗೆದ್ದ ವಿಷ್ಣುವರ್ಧನ: ಸೋತವರ ಲೆಕ್ಕ ಬರೆದವರಾರು?

ಗುಂಡ್ಲುಪೇಟೆ ಬಿಟ್ಟು ಬಂಡೀಪುರ ದಾಟಿ ಊಟಿ ಕಡೆ ಹೊರಟರೆ ಎದುರಿಗೆ ಗೋಡೆಯ ಹಾಗೆ ನಿಲ್ಲುವುದು ನೀಲಗಿರಿ. ಈ ಬೆಟ್ಟ ಕನ್ನಡದ ರಾಜರದ್ದೋ, ತಮಿಳು ರಾಜರದ್ದೋ ಅನ್ನೋ ವಾದ ಮಸಿನಗುಡಿ, ಗೂಡಲೂರು ಕಡೆಯ ಚಹಾದಂಗಡಿಯಲ್ಲಿ ಎದ್ದರೆ ಬೇಗ ಮುಗಿಯೋದಲ್ಲ. ನಮ್ಮವರು ಕೊನೆಗೆ ಹೊಯ್ಸಳ ವಿಷ್ಣುವರ್ಧನನ ಹೆಸರು ಎತ್ತುತ್ತಾರೆ. ಆತನೇನೋ ಗೆದ್ದ. ಆದರೆ ಎಷ್ಟು ಗೆದ್ದ?

ಮೊದಲ ಹೆಸರು ಬಿಟ್ಟಿದೇವ. ತಂದೆ ಎರೆಯಂಗ, ತಾಯಿ ಏಚಲದೇವಿ. ಅಣ್ಣ ಬಲ್ಲಾಳ ತೀರಿಕೊಂಡ ಮೇಲೆ 1108ರ ಸುಮಾರಿಗೆ ಪಟ್ಟಕ್ಕೆ ಬಂದ. ಆಗ ಹೊಯ್ಸಳರು ಸ್ವತಂತ್ರರಲ್ಲ, ಕಲ್ಯಾಣದ ಚಾಲುಕ್ಯರ ಸಾಮಂತರು. ಇತ್ತ ಕಾವೇರಿ ತೀರದ ತಲಕಾಡು ನೂರು ವರ್ಷಕ್ಕೂ ಮಿಕ್ಕಿ ಚೋಳರ ಕೈಯಲ್ಲಿತ್ತು. 1116ರ ಸುಮಾರಿಗೆ ದಂಡನಾಯಕ ಗಂಗರಾಜ ಅಲ್ಲಿದ್ದ ಚೋಳರ ಸಾಮಂತ ಆದಿಯಮನನ್ನು ಸೋಲಿಸಿದ. ರಾಜನಿಗೆ ತಲಕಾಡುಗೊಂಡ ಎಂಬ ಬಿರುದು ಬಂತು, ಆ ಬಿರುದಿನ ನಾಣ್ಯಗಳೂ ಹೊರಟವು. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಇಂದಿನ ಚೆನ್ನಕೇಶವ ಅವನೇ.

ನೀಲಗಿರಿ ಏರಿದ್ದು ಇನ್ನೊಬ್ಬ ದಂಡನಾಯಕ ಪುಣಿಸ. ಈತ ಸಂಧಿವಿಗ್ರಹಿಯೂ ಹೌದು. ಅಂದರೆ ಯುದ್ಧ, ರಾಜಿ ಎರಡನ್ನೂ ನೋಡಿಕೊಳ್ಳುವ ಮಂತ್ರಿ. ಗಂಗರಾಜನಂತೆ ಇವನೂ ಜೈನ. ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿ 1117ರ ಅವನ ಶಾಸನವಿದೆ. ತೋಡರನ್ನು ಬೆದರಿಸಿದ, ಕೊಂಗರನ್ನು ಅಡಗಿಸಿದ, ಮಲೆಯಾಳರನ್ನು ಕೊಂದ, ನೀಲಗಿರಿ ಹೊಕ್ಕು ಅದರ ಶಿಖರವನ್ನು ವಿಜಯಲಕ್ಷ್ಮಿಗೆ ಒಪ್ಪಿಸಿದ ಎಂಬ ವರ್ಣನೆ ಅದರಲ್ಲಿದೆ. ತೋಡರ ಹೆಸರು ಬರಹದಲ್ಲಿ ಸಿಗುವ ಬಹಳ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಅವರು ಎಮ್ಮೆ ಸಾಕಿಕೊಂಡಿದ್ದ ಮಂದಿ. ಅವರಿಗೆ ಹಾಡಿತ್ತು, ಲಿಪಿ ಇರಲಿಲ್ಲ. ಹಾಗಾಗಿ ಆ ದಿನ ಬೆಟ್ಟದಲ್ಲಿ ನಡೆದದ್ದರ ಬಗ್ಗೆ ನಮಗೆ ಉಳಿದಿರುವ ಬರಹ ಗೆದ್ದವರದ್ದು ಮಾತ್ರ.

ಸೋಲನ್ನು ಯಾರು ತಾನೆ ಕಲ್ಲಲ್ಲಿ ಕೊರೆಸುತ್ತಾರೆ? ಉತ್ತರದ ಕಡೆ ನೋಡಿ. 1118ರಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಸೇನೆ ಹೊಯ್ಸಳರ ಮೇಲೆ ಬಂತು. ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಅದರ ಮೇಲೆ ಗಂಗರಾಜ ರಾತ್ರಿ ಎರಗಿ ಚದುರಿಸಿದ ಅನ್ನುತ್ತದೆ ಹೊಯ್ಸಳ ಶಾಸನ. ಹೊಯ್ಸಳನನ್ನೇ ಬೆನ್ನಟ್ಟಿದ್ದು ನಮ್ಮ ಆಚುಗಿ ಅನ್ನುತ್ತದೆ ಚಾಲುಕ್ಯರ ಪಕ್ಷದ ಸಿಂದರ ಶಾಸನ. ಎರಡೂ ಕಡೆಯವರು ಕನ್ನಡದವರೇ! ಕೊನೆಗೆ ವಿಷ್ಣುವರ್ಧನ ಚಾಲುಕ್ಯರಿಗೆ ತಲೆಬಾಗಬೇಕಾಯಿತು. 1126ರಲ್ಲಿ ವಿಕ್ರಮಾದಿತ್ಯ ತೀರಿದ ಮೇಲೆ ಮತ್ತೆ ಉತ್ತರಕ್ಕೆ ದಂಡು ಹೊರಟಿತು. ಹಾನಗಲ್ಲು, ಬಂಕಾಪುರದವರೆಗೂ ಹೋಯಿತು. ನಡುವೆ, 1131ರಲ್ಲಿ, ರಾಣಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಇಷ್ಟೆಲ್ಲ ಕಾದಾಡಿದರೂ ಹೊಯ್ಸಳರಿಗೆ ಪೂರ್ಣ ಸ್ವಾತಂತ್ರ್ಯ ಬಂದದ್ದು ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲಕ್ಕೆ.

ಇನ್ನು ಚೋಳರ ಕಥೆ ಕೇಳಿ. ತಲಕಾಡು ಗೆದ್ದು ನೂರಹದಿನೈದು ವರ್ಷ ಆಗಿರಬೇಕು. ಮೂರನೆಯ ರಾಜರಾಜ ಚೋಳನನ್ನು ಅವನ ಸಾಮಂತ ಕೊಪ್ಪೆರುಂಜಿಂಗನೇ ಸೆರೆ ಹಾಕಿದ. ಬಿಡಿಸಿ ಮತ್ತೆ ಸಿಂಹಾಸನದ ಮೇಲೆ ಕೂರಿಸಿದ್ದು ಯಾರು ಅಂತೀರಿ? ವಿಷ್ಣುವರ್ಧನನ ಮರಿಮಗ ಇಮ್ಮಡಿ ನರಸಿಂಹ! ಮುತ್ತಾತ ಚೋಳರಿಂದ ನಾಡು ಕಿತ್ತುಕೊಂಡು ಬಿರುದು ಪಡೆದ. ಮರಿಮಗ ಚೋಳರಾಜ್ಯವನ್ನು ಮತ್ತೆ ನಿಲ್ಲಿಸಿದ್ದಕ್ಕೆ ಬಿರುದು ಪಡೆದ. ಗಡಿಯಲ್ಲಿ ಕೂತು ಜಗಳಾಡುವ ನಾವು ಈ ಎರಡನೇ ಬಿರುದನ್ನು ನೆನೆಯೋದು ಕಡಿಮೆ.

ಚಾಮರಾಜನಗರದ ಆ ಶಾಸನದಲ್ಲಿ ವಿಜಯದ ವರ್ಣನೆಯಷ್ಟೇ ಇಲ್ಲ. ಬಂಡವಾಳ ಕಳಕೊಂಡ ವ್ಯಾಪಾರಿ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಅಧಿಕಾರ ಹೋದ ಬೇಡರ ನಾಯಕ ಇಂಥವರಿಗೆಲ್ಲ ಪುಣಿಸ ಕಳೆದುಹೋದದ್ದನ್ನು ಕೊಟ್ಟು ಪೊರೆದನೆಂದೂ ಅದು ಹೊಗಳುತ್ತದೆ. ಹೊಗಳಿಕೆ ದಂಡನಾಯಕನದ್ದು, ನಿಜ. ಆದರೂ ದಂಡು ನಡೆದ ದಾರಿಯ ಊರುಗಳು ಹೇಗಿದ್ದವೆಂದು ಊಹಿಸಲು ಅಷ್ಟು ಸಾಕು.

ವಿಷ್ಣುವರ್ಧನ ದೊಡ್ಡ ರಾಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀಲಗಿರಿ ಯುದ್ಧದಲ್ಲಿ ಗೆದ್ದವರು ಯಾರು ಅಂತ ಇನ್ನು ಮೇಲೆ ವಾದ ಎದ್ದರೆ, ಶಿಖರದ ಸಾಲಿನ ಜೊತೆಗೆ ಬೀಜವಿಲ್ಲದ ಆ ಒಕ್ಕಲಿಗನ ಸಾಲನ್ನೂ ಓದಿಬಿಡೋಣ.